ಉಪಕ್ಲಾಸ್‌ನ ‘ಸೇವ್’ ಮೆಥಡ್ ಎಕ್ಸೆಪ್ಶನ್ ಎಸೆಯುತ್ತಿದೆ: ದೋಷ ಎಲ್ಲಿದೆ?

ಪ್ರಶ್ನೆ: ನನ್ನ ಜಾವಾ ಪ್ರೋಗ್ರಾಮಿನ ‘ಡಾಕ್ಯುಮೆಂಟ್’ ಕ್ಲಾಸ್‌ಗೆ ‘ರೀಡ್’ ಮತ್ತು ‘ಸೇವ್’ ಎಂಬ ಮೆಥಡ್‌ಗಳಿವೆ. ತಿದ್ದಬಾರದ ದಾಖಲೆಗಳಿಗಾಗಿ ಅದನ್ನೇ ಎಕ್ಸ್‌ಟೆಂಡ್ ಮಾಡಿ, ಅಂದರೆ ಅದರ ಗುಣಗಳನ್ನು ಪಡೆಯುವ ಉಪಕ್ಲಾಸ್ ಮಾಡಿ, ಅದರ ‘ಸೇವ್’ ಎಕ್ಸೆಪ್ಶನ್ (ಕೆಲಸ ತಡೆಯುವ ದೋಷಸೂಚನೆ) ಎಸೆಯುವಂತೆ ಬರೆದಿದ್ದೇನೆ. ಎಲ್ಲವನ್ನೂ ಒಟ್ಟಿಗೆ ಉಳಿಸುವ ಲೂಪ್ ಇಂಥ ದಾಖಲೆ ಸಿಕ್ಕೊಡನೆ ಅರ್ಧಕ್ಕೇ ನಿಲ್ಲುತ್ತದೆ. ದಾಖಲೆ ಯಾವ ಕ್ಲಾಸ್‌ಗೆ ಸೇರಿದ್ದೆಂದು ನೋಡುವ ‘ಇನ್‌ಸ್ಟನ್ಸ್‌ಆಫ್’ ಪರೀಕ್ಷೆ ಸೇರಿಸಿದಾಗ ಲೂಪ್ ಸರಿಹೋಯಿತಾದರೂ ಆಟೋಸೇವ್ ಭಾಗದಲ್ಲಿ ಅದೇ ದೋಷ ಕಾಣಿಸಿಕೊಂಡಿದೆ. ಪರಿಹಾರವೇನು?

ಉತ್ತರ: ನಿಮ್ಮ ಲೂಪ್‌ನಲ್ಲಿ ದೋಷವಿಲ್ಲ, ಆನುವಂಶಿಕತೆಯಲ್ಲಿ, ಅಂದರೆ ಒಂದು ಕ್ಲಾಸ್‌ನಿಂದ ಇನ್ನೊಂದನ್ನು ಪಡೆದ ರೀತಿಯಲ್ಲಿ, ಇದೆ. ತನ್ನನ್ನು ಉಳಿಸಬಹುದು ಎಂದು ‘ಡಾಕ್ಯುಮೆಂಟ್’ ಕೊಟ್ಟ ಮಾತನ್ನು ಉಪಕ್ಲಾಸ್ ಮುರಿಯುತ್ತಿದೆ. ಕಂಪ್ಯೂಟರ್ ವಿಜ್ಞಾನಿ ಬಾರ್ಬರಾ ಲಿಸ್ಕೋವ್ ಅವರು 1987ರ ಉಪನ್ಯಾಸದಲ್ಲಿ ಮುಂದಿಟ್ಟ ಬದಲಿಕೆಯ ತತ್ತ್ವ ಹೇಳುವುದು ಇದನ್ನೇ: ಮೂಲ ಟೈಪ್ (ಇಲ್ಲಿ ಮೂಲ ಕ್ಲಾಸ್) ಅನ್ನು ನಂಬಿ ಬರೆದ ಕೋಡ್, ಅದರ ಜಾಗದಲ್ಲಿ ಉಪಟೈಪ್ ಬಂದಾಗಲೂ ನಿರೀಕ್ಷೆಯಂತೆಯೇ ನಡೆಯಬೇಕು. ‘ಇನ್‌ಸ್ಟನ್ಸ್‌ಆಫ್’ ಹಾಕುತ್ತಾ ಹೋದರೆ ಹೊಸ ಟೈಪ್ ಬಂದಾಗಲೆಲ್ಲ ಕರೆಯುವ ಪ್ರತಿಯೊಂದು ಜಾಗವನ್ನೂ ತಿದ್ದಬೇಕಾಗುತ್ತದೆ.

ಮೂಲ ಕ್ಲಾಸ್‌ನಲ್ಲಿ ‘ರೀಡ್’ ಮಾತ್ರ ಉಳಿಸಿಕೊಂಡು, ‘ಸೇವ್’ ಅನ್ನು ‘ಎಡಿಟಬಲ್‌ಡಾಕ್ಯುಮೆಂಟ್’ ಎಂಬ ಉಪಕ್ಲಾಸ್‌ಗೆ ಇಳಿಸಿ. ಆಗ ಓದುವ ಕೋಡ್ ಎರಡು ಕಡೆ ಬರೆಯಬೇಕಾಗುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಮೂಲ ಕ್ಲಾಸ್ ‘ಓದಬಹುದು’ ಎಂದಷ್ಟೇ ಹೇಳಬೇಕು, ‘ಎಂದಿಗೂ ಬದಲಾಗದು’ ಎನ್ನಬಾರದು. ಹಾಗೆಂದರೆ ತಿದ್ದಬಲ್ಲ ಉಪಕ್ಲಾಸ್ ಆ ಮಾತನ್ನೂ ಮುರಿಯುತ್ತದೆ. ಲಿಸ್ಕೋವ್ ಮತ್ತು ಸಹ ಸಂಶೋಧಕಿ ಜೀನೆಟ್ ವಿಂಗ್ 1994ರ ಪ್ರಬಂಧದಲ್ಲಿ ಈ ನಿರ್ಬಂಧವನ್ನು ಪ್ರತ್ಯೇಕವಾಗಿಯೇ ವಿವರಿಸಿದ್ದಾರೆ. ಬಹಳಷ್ಟು ಜನ ಗಮನಿಸದೆ ಬಿಡುವ ಭಾಗವಿದು.

ಮರುಪ್ರಶ್ನೆ: ಧನ್ಯವಾದಗಳು. ಆದರೆ ಜಾವಾದ ‘ಲಿಸ್ಟ್.ಆಫ್’ ಕೊಡುವ, ಬದಲಿಸಲಾಗದ ಪಟ್ಟಿಗೆ ‘ಆಡ್’ ಮಾಡಹೊರಟರೆ ಅದೂ ಎಕ್ಸೆಪ್ಶನ್ ಎಸೆಯುತ್ತದಲ್ಲವೇ? ಅಲ್ಲಿ ಒಪ್ಪುವುದಾದರೆ ಇಲ್ಲಿ ಏಕೆ ತಪ್ಪು?

ಉತ್ತರ: ಒಳ್ಳೆಯ ಪ್ರಶ್ನೆ. ‘ಲಿಸ್ಟ್’ ಇಂಟರ್‌ಫೇಸ್‌ನ (ಯಾವ ಮೆಥಡ್‌ಗಳಿರಬೇಕೆಂದು ಹೇಳುವ ಒಪ್ಪಂದದ) ದಾಖಲಾತಿಯಲ್ಲೇ ‘ಆಡ್’ ಐಚ್ಛಿಕ ಕ್ರಿಯೆ ಎಂದು ಬರೆದಿರುವುದರಿಂದ ಅಲ್ಲಿ ಕೊಟ್ಟ ಮಾತು ಮುರಿದಂತಾಗುವುದಿಲ್ಲ. ಇಂಟರ್‌ಫೇಸ್‌ಗಳ ಸಂಖ್ಯೆ ಮಿತಿಮೀರದಿರಲೆಂದು ವಿನ್ಯಾಸಕಾರರು ತಿಳಿದೇ ಮಾಡಿದ ಆಯ್ಕೆ ಅದು. ಅದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ: ಓಡಿಸುವ ಮುನ್ನವೇ ಕಂಪೈಲರ್ ಹಿಡಿಯಬಹುದಾಗಿದ್ದ ತಪ್ಪು ಪ್ರೋಗ್ರಾಮ್ ಓಡುವಾಗ ಸಿಡಿಯುತ್ತದೆ. ನಿಮ್ಮಲ್ಲಿರುವುದು ಎರಡೇ ಬಗೆಯ ದಾಖಲೆಗಳಾದ್ದರಿಂದ ಆ ಬೆಲೆ ತೆರಲು ಕಾರಣವೇ ಇಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

‘ಸೇವ್’ ಅನ್ನು ಇಳಿಸಿದ ಮೇಲೆ ‘ಇನ್‌ಸ್ಟನ್ಸ್‌ಆಫ್’ ಸಾಲುಗಳನ್ನೆಲ್ಲ ಅಳಿಸಿ ಕಂಪೈಲ್ ಮಾಡಿ. ದೋಷ ತೋರಿಸುವ ಕಡೆಗಳಲ್ಲಿ ಪ್ಯಾರಾಮೀಟರ್‌ನ (ಮೆಥಡ್ ಪಡೆಯುವ ಮೌಲ್ಯದ) ಟೈಪ್ ಅನ್ನು ‘ಎಡಿಟಬಲ್‌ಡಾಕ್ಯುಮೆಂಟ್’ ಎಂದು ಬದಲಿಸುತ್ತಾ ಬನ್ನಿ. ಆಟೋಸೇವ್ ಭಾಗವೂ ಅದರಲ್ಲೇ ಸಿಗುತ್ತದೆ.