ವೀರ್ಯ ಮೊದಲು ಹೆಪ್ಪುಗಟ್ಟಿ ಆಮೇಲೆ ನೀರಾಗುವುದೇಕೆ?

ಪ್ರಶ್ನೆ: ನಮಸ್ಕಾರ ಮೇಡಂ. ಮಗುವಿಗಾಗಿ ಪ್ರಯತ್ನಿಸುತ್ತಿದ್ದೇವೆ. ವೈದ್ಯರು ಹೇಳಿದರೆಂದು ವೀರ್ಯ ಪರೀಕ್ಷೆ ಮಾಡಿಸಿದೆ. ಸಂಖ್ಯೆ, ಚಲನೆ ಸರಿಯಾಗಿವೆ. ಆದರೆ ವರದಿಯಲ್ಲಿ ‘ದ್ರವೀಕರಣ: 35 ನಿಮಿಷ’ ಎಂದಿದೆ. ಮಾದರಿ ಕೊಡುವಾಗ ಅದು ಮುದ್ದೆಯಂತಿದ್ದದ್ದನ್ನು ನಾನೂ ನೋಡಿದ್ದೆ. ಪ್ರೋಟೀನ್‌ಗಳು ಒಂದಕ್ಕೊಂದು ಅಂಟಿಕೊಳ್ಳುವುದರಿಂದ ಹಾಗಾಗುತ್ತದೆ ಎಂದು ಗೆಳೆಯನೊಬ್ಬ ಹೇಳಿದ. ಇದು ದೋಷವೇ? ಅಂಟಿಕೊಂಡದ್ದು ತಾನಾಗಿ ಬಿಡುವುದಾದರೂ ಹೇಗೆ?

ಉತ್ತರ: ದೋಷವಲ್ಲ, ನಿಶ್ಚಿಂತರಾಗಿರಿ. ಬಹಳಷ್ಟು ಮಾದರಿಗಳು 15ರಿಂದ 30 ನಿಮಿಷದಲ್ಲಿ ನೀರಾಗುತ್ತವೆ. 60 ನಿಮಿಷದವರೆಗೂ ಸಹಜವೆಂದೇ ನಾವು ಬರೆಯುತ್ತೇವೆ. ನಿಮ್ಮ ಗೆಳೆಯರು ಹೇಳಿದ್ದೂ ಸರಿ, ಆದರೆ ಅದು ಅರ್ಧ ಕಥೆ.

ವೀರ್ಯ ಒಂದೇ ಕಡೆ ತಯಾರಾಗುವುದಿಲ್ಲ. ಹೆಚ್ಚಿನ ಪಾಲು ಸೆಮಿನಲ್ ವೆಸಿಕಲ್ ಎಂಬ ಜೋಡಿ ಗ್ರಂಥಿಗಳಿಂದ ಬರುತ್ತದೆ. ಅದರಲ್ಲಿ ಸೆಮೆನೊಜೆಲಿನ್ ಎಂಬ ಪ್ರೋಟೀನ್ ಹೇರಳವಾಗಿದೆ, ಜೊತೆಗೆ ಫೈಬ್ರೊನೆಕ್ಟಿನ್. ಇವೆರಡೂ ಹೆಣೆದುಕೊಂಡು ಬಲೆಯಾಗುತ್ತವೆ. ನೀವು ನೋಡಿದ ಮುದ್ದೆ ಇದೇ.

ಪ್ರಾಸ್ಟೇಟ್ ಗ್ರಂಥಿಯ ದ್ರವದಲ್ಲಿ ಪಿಎಸ್‌ಎ (ಪ್ರಾಸ್ಟೇಟ್ ಸ್ಪೆಸಿಫಿಕ್ ಆಂಟಿಜೆನ್) ಎಂಬ, ಪ್ರೋಟೀನ್‌ಗಳನ್ನು ಕತ್ತರಿಸುವ ಕಿಣ್ವವಿದೆ. ಅದರ ಜೊತೆಗೆ ಸತುವೂ ವಿಪರೀತವಾಗಿದೆ. ಸತು ಅಂಟಿಕೊಂಡಿರುವಷ್ಟು ಹೊತ್ತು ಪಿಎಸ್‌ಎ ಕೆಲಸ ಮಾಡಲಾರದು, ಎತ್ತಿನ ಬಾಯಿಗೆ ಕುಕ್ಕೆ ಕಟ್ಟಿದ ಹಾಗೆ. ಸ್ಖಲನದ ಹೊತ್ತಿಗೆ ಎರಡೂ ದ್ರವಗಳು ಬೆರೆಯುತ್ತವೆ. ಸೆಮೆನೊಜೆಲಿನ್‌ಗೆ ಸತುವಿನ ಮೇಲೆ ಬಹಳ ಒಲವು. ಅದು ಸತುವನ್ನು ತನ್ನ ಕಡೆಗೆ ಸೆಳೆದುಕೊಳ್ಳುತ್ತದೆ. ಕುಕ್ಕೆ ಕಳಚಿದ ಪಿಎಸ್‌ಎ ಮೊದಲು ಬಾಯಿ ಹಾಕುವುದು ಆ ಸೆಮೆನೊಜೆಲಿನ್‌ಗೇ! ತನ್ನನ್ನು ತುಂಡರಿಸುವವನನ್ನು ತಾನೇ ಬಿಡಿಸಿಕೊಳ್ಳುವ ಈ ಏರ್ಪಾಡು ಇಷ್ಟು ವರ್ಷಗಳ ಮೇಲೂ ನನಗೆ ಬೆರಗು ಹುಟ್ಟಿಸುತ್ತದೆ.

ವೀರ್ಯಾಣುವಿನ ಮೇಲ್ಮೈಯಲ್ಲಿ ಎಪ್ಪಿನ್ ಎಂಬ ಇನ್ನೊಂದು ಪ್ರೋಟೀನ್ ಕುಳಿತಿರುತ್ತದೆ. ಸೆಮೆನೊಜೆಲಿನ್ ಅದನ್ನೂ ಹಿಡಿದುಕೊಳ್ಳುತ್ತದೆ, ಆಗ ವೀರ್ಯಾಣು ಈಜಲಾರದು. ಪಿಎಸ್‌ಎ ಈ ಹಿಡಿತವನ್ನು ಕತ್ತರಿಸಿದಂತೆ ಬಾಲಗಳು ಚುರುಕಾಗುತ್ತವೆ. ಅದಕ್ಕೇ ನಾವು ಮಾದರಿಯ ಡಬ್ಬಿಯನ್ನು 37 ಡಿಗ್ರಿಯಲ್ಲಿಟ್ಟು ಕಾಯುತ್ತೇವೆ, ಕರಗಿದ ಮೇಲೆಯೇ ಚಲನೆ ಎಣಿಸುತ್ತೇವೆ. ಅವಸರಪಟ್ಟು ಮುದ್ದೆಯಿಂದಲೇ ಹನಿ ತೆಗೆದು ನೋಡಿದರೆ ಮಾದರಿ ಒಂದೇ ಸಮನಾಗಿ ಬೆರೆತಿರುವುದಿಲ್ಲ, ಸಂಖ್ಯೆಯೂ ತಪ್ಪುತ್ತದೆ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಮೇಡಂ, ನಮ್ಮ ತಂದೆಯವರಿಗೆ ರಕ್ತದಲ್ಲಿ ಪಿಎಸ್‌ಎ ಪರೀಕ್ಷೆ ಬರೆದುಕೊಟ್ಟಿದ್ದಾರೆ. ಅದೂ ಇದೂ ಒಂದೇನಾ?

ಉತ್ತರ: ಒಂದೇ ಪ್ರೋಟೀನ್. ವೀರ್ಯದಲ್ಲಿ ಅದರ ಲೆಕ್ಕ ಮಿಲಿಗ್ರಾಂನಲ್ಲಿ, ರಕ್ತದಲ್ಲಿ ನ್ಯಾನೊಗ್ರಾಂನಲ್ಲಿ, ಅಂದರೆ ಲಕ್ಷಾಂತರ ಪಟ್ಟು ವ್ಯತ್ಯಾಸ. ಗ್ರಂಥಿಯ ಅಂಗಾಂಶ ಕೆಟ್ಟಾಗ ಹೆಚ್ಚು ಸೋರಿ ರಕ್ತ ಸೇರುತ್ತದೆ. ಕ್ಯಾನ್ಸರ್ ಒಂದೇ ಕಾರಣವಲ್ಲ. ಉರಿಯೂತ, ವಯಸ್ಸಿಗೆ ಗ್ರಂಥಿ ಊದಿಕೊಳ್ಳುವುದು ಕೂಡ ಕಾರಣವಾಗಬಹುದು. ಅದಕ್ಕೆ ಅಂಟಿಕೊಳ್ಳುವ ಜೊತೆಗಾರರೂ ಬೇರೆ. ರಕ್ತದಲ್ಲಿ ಅದನ್ನು ಮುಖ್ಯವಾಗಿ ಆಂಟಿಕೈಮೊಟ್ರಿಪ್ಸಿನ್ ಎಂಬ ಇನ್ನೊಂದು ಪ್ರೋಟೀನ್ ಕಟ್ಟಿಹಾಕುತ್ತದೆ, ಸ್ವಲ್ಪ ಭಾಗ ಮಾತ್ರ ಬಿಡಿಯಾಗಿರುತ್ತದೆ. ವರದಿಯಲ್ಲಿ ‘ಒಟ್ಟು’, ‘ಮುಕ್ತ’ ಎಂದು ಎರಡು ಸಾಲು ಬರುವುದು ಈ ಕಾರಣಕ್ಕೆ. ವೀರ್ಯದಲ್ಲಿ ಸ್ವಲ್ಪ ಭಾಗವನ್ನು ಪ್ರೋಟೀನ್ ಸಿ ಇನ್‌ಹಿಬಿಟರ್ ಎಂಬುದು ಹಿಡಿಯುತ್ತದೆ, ಹೆಚ್ಚಿನದು ಸ್ವತಂತ್ರವಾಗಿಯೇ ಇರುತ್ತದೆ.

ಮತ್ತೊಬ್ಬರ ಪ್ರಶ್ನೆ: ಪ್ರಾಣಿಗಳಲ್ಲೂ ಹೀಗೆಯೇ?

ಉತ್ತರ: ಎಲ್ಲದರಲ್ಲೂ ಅಲ್ಲ. ಚಿಂಪಾಂಜಿಯ ವೀರ್ಯ ಬಿರಡೆಯಂತೆ ಗಟ್ಟಿಯಾಗುತ್ತದೆ. ಗೊರಿಲ್ಲಾದಲ್ಲಿ ಸೆಮೆನೊಜೆಲಿನ್ ಜೀನ್‌ಗಳು ಕೆಟ್ಟುಹೋಗಿವೆ, ಅದರ ವೀರ್ಯ ಹೆಪ್ಪುಗಟ್ಟುವುದೇ ಅಪರೂಪ.

ಮೊದಲ ಪ್ರಶ್ನೆ ಕೇಳಿದವರು: ಧನ್ಯವಾದ ಮೇಡಂ. ಸತುವಿಗೆ ಇಷ್ಟು ಮಹತ್ವವಿದ್ದರೆ ಸತುವಿನ ಮಾತ್ರೆ ತೆಗೆದುಕೊಂಡರೆ ಬೇಗ ಕರಗುತ್ತದೆಯೇ?

ಉತ್ತರ: ಮೇಲಿನದ್ದನ್ನು ಇನ್ನೊಮ್ಮೆ ಓದಿ. ಸತು ಕಿಣ್ವವನ್ನು ತಡೆಯುತ್ತದೆ, ಕೆರಳಿಸುವುದಿಲ್ಲ. ಬೇಗ ಕರಗಲಿ ಎಂಬ ಉದ್ದೇಶಕ್ಕೆ ಮಾತ್ರೆ ನುಂಗಬೇಡಿ. ನಿಮ್ಮದು ಹೇಗೂ ಸಮಯಕ್ಕೆ ಸರಿಯಾಗಿ ಕರಗಿದೆ. ವರದಿಯಲ್ಲಿ ‘ಸ್ನಿಗ್ಧತೆ’ ಎಂಬ ಸಾಲಿದ್ದರೆ ನೋಡಿಕೊಳ್ಳಿ, ಅದು ಬೇರೆ ವಿಷಯ: ಕರಗಿದ ಮೇಲೆ ಪಿಪೆಟ್‌ನಿಂದ ಹನಿ ಬಿಟ್ಟಾಗ 2 ಸೆಂಟಿಮೀಟರ್‌ಗಿಂತ ಉದ್ದದ ಎಳೆ ಜೋತುಬಿದ್ದರೆ ಹೆಚ್ಚು ಎನ್ನುತ್ತೇವೆ. ಎಷ್ಟೋ ಜನ ಇವೆರಡನ್ನೂ ಒಂದೇ ಎಂದುಕೊಂಡು ಗಾಬರಿಯಾಗುತ್ತಾರೆ. ಮಾದರಿ ಒಂದು ಗಂಟೆ ದಾಟಿದರೂ ಮುದ್ದೆಯಾಗಿಯೇ ಇದ್ದರೆ ಮಾತ್ರ ವೈದ್ಯರ ಬಳಿ ಆ ಮಾತೆತ್ತಿ.