ಪದವಿನ ನರಿ ಮತ್ತು ಈಜಿಪ್ಟಿನ ನರಿಮುಖದ ದೇವರು: ಎರಡೂ ಒಂದೇ ಪ್ರಾಣಿಯೇ?

ಪರ್ಕಳದ ಓದುಗ:

ಮಣಿಪಾಲ ದಾಟಿ ಪರ್ಕಳದ ಬಳಿ ಇರುವ ನಮ್ಮ ಮನೆಯ ಹಿಂದೆ ಇನ್ನೂ ಸ್ವಲ್ಪ ಪದವು, ಎಂದರೆ ಹುಲ್ಲು ಬೆಳೆಯುವ ಎತ್ತರದ ಬಯಲು, ಉಳಿದುಕೊಂಡಿದೆ. ಮಳೆಗಾಲ ಕಳೆದು ಮುಳಿಹುಲ್ಲು ಒಣಗತೊಡಗಿದ ಮೇಲೆ ಮುಸ್ಸಂಜೆಯ ಹೊತ್ತಿಗೆ ಅಲ್ಲಿಂದ ನರಿಗಳು ಊಳಿಡುವುದು ಕೇಳಿಸುತ್ತದೆ. ತುಳುವಿನಲ್ಲಿ ನಾವು ಕುದ್ಕೆ ಎನ್ನುವ ಈ ಪ್ರಾಣಿಯ ಕೂಗನ್ನು ನಮ್ಮ ಮನೆಯ ಹಿರಿಯರು ಅಪಶಕುನವೆಂದೇ ತಿಳಿದಿದ್ದಾರೆ. ನೆರೆಯವರೊಬ್ಬರಂತೂ ಊಳು ಕೇಳಿದ ಕೂಡಲೇ ಪಟಾಕಿ ಹಚ್ಚುತ್ತಾರೆ. ಆದರೆ ಅದೇ ಹಿರಿಯರು, ಹಿಡಿದ ಕೆಲಸ ಸುಸೂತ್ರವಾಗಿ ಮುಗಿದ ದಿನ, ‘ಬೆಳಗ್ಗೆ ನರಿಯ ಮುಖ ನೋಡಿ ಎದ್ದಿರಬೇಕು’ ಎಂದೂ ಹೇಳುತ್ತಾರೆ.

ಈಚೆಗೆ ಮಗಳಿಗೆ ಪ್ರಾಚೀನ ಈಜಿಪ್ಟಿನ ಚಿತ್ರಗಳನ್ನು ತೋರಿಸುತ್ತಿದ್ದಾಗ ನರಿಯ ತಲೆಯುಳ್ಳ ಅನೂಬಿಸ್ ಎಂಬ ದೇವರು ಶವದ ಮೇಲೆ ಬಾಗಿ ನಿಂತಿರುವ ಚಿತ್ರ ಕಂಡಿತು. ‘ನಮ್ಮ ಹಿತ್ತಿಲಿನ ಹಿಂದೆ ಕೂಗುವುದು ಇದೇನಾ?’ ಎಂದು ಅವಳು ಕೇಳಿದಳು, ನನ್ನಲ್ಲಿ ಉತ್ತರವಿರಲಿಲ್ಲ. ಎರಡೂ ಒಂದೇ ಪ್ರಾಣಿಯೇ? ಅಲ್ಲಿ ಸತ್ತವರನ್ನು ಕಾಯುವ ದೇವರಾದ ಪ್ರಾಣಿ ಇಲ್ಲಿ ಕೇಡಿನ ಸೂಚನೆಯಾದದ್ದು ಹೇಗೆ? ನಮ್ಮ ಶಿಲ್ಪಗಳಲ್ಲಿಯೂ ಕಥೆಗಳಲ್ಲಿಯೂ ನರಿಗೆ ಇದಕ್ಕಿಂತ ಗೌರವದ ಸ್ಥಾನ ಎಲ್ಲಿಯಾದರೂ ಇದೆಯೇ? ಬಲ್ಲವರು ವಿವರವಾಗಿ ತಿಳಿಸಬೇಕಾಗಿ ವಿನಂತಿ.

ಕಾರ್ಕಳದ ಕಾಡುದಾರಿ:

ಪ್ರಾಣಿಯ ವಿಷಯವನ್ನು ನಾನು ಹೇಳುತ್ತೇನೆ. ಶಿಲ್ಪದ ವಿಷಯವನ್ನು ಬಲ್ಲವರು ಈ ಬಳಗದಲ್ಲಿ ಬೇರೆ ಇದ್ದಾರೆ.

ನಿಮ್ಮ ಪದವಿನಲ್ಲಿ ಊಳಿಡುತ್ತಿರುವುದು ಗುಳ್ಳೆನರಿ. ಇದರ ವೈಜ್ಞಾನಿಕ ಹೆಸರು ಕ್ಯಾನಿಸ್ ಆರಿಯಸ್. ಆಗ್ನೇಯ ಯುರೋಪಿನಿಂದ ಪಶ್ಚಿಮ ಏಷ್ಯಾ ಹಾಗೂ ಭಾರತದ ಮೂಲಕ ಥಾಯ್ಲೆಂಡಿನವರೆಗೆ ಇದರ ನೆಲೆ ಹಬ್ಬಿದೆ. ಬಯಲುಸೀಮೆಯ ಹುಲ್ಲುಗಾವಲುಗಳಲ್ಲಿ ಕಾಣಸಿಗುವ, ಎರಡು ಮೂರು ಕಿಲೋ ಮಾತ್ರ ತೂಗುವ ಸಣ್ಣ ನರಿ ಬೇರೆಯೇ ಪ್ರಾಣಿ. ಗುಳ್ಳೆನರಿ ಸಾಮಾನ್ಯವಾಗಿ 8ರಿಂದ 11 ಕಿಲೋ ತೂಗುತ್ತದೆ. ಗಂಡು ಹೆಣ್ಣುಗಳು ಜೋಡಿಯಾಗಿ ಬಹುಕಾಲ ಒಟ್ಟಿಗೆ ಬಾಳುತ್ತವೆ. ಸುಮಾರು 63 ದಿನಗಳ ಗರ್ಭದ ನಂತರ ಹುಟ್ಟುವ ಮರಿಗಳನ್ನು ಸಾಕುವುದರಲ್ಲಿ ತಂದೆಯೂ ಪಾಲುಗೊಳ್ಳುತ್ತದೆ. ಎಷ್ಟೋ ಸಲ ಹಿಂದಿನ ವರ್ಷದ ಮರಿಗಳು ಅಲ್ಲಿಯೇ ಉಳಿದು ತಮ್ಮಂದಿರಿಗೂ ತಂಗಿಯರಿಗೂ ಆಹಾರ ತಂದುಕೊಡುತ್ತವೆ. ನೀವು ಕೇಳುವ ಊಳು ಈ ಕುಟುಂಬದ ಮಾತು. ಜೋಡಿಯೊಂದು ತನ್ನ ಎಲ್ಲೆಯನ್ನು ಸಾರಿದರೆ ಪಕ್ಕದ ಎಲ್ಲೆಯ ಜೋಡಿ ಮರುದನಿ ಕೊಡುತ್ತದೆ. ಗಂಟೆಯ ಸದ್ದಿಗೂ ಸೈರನ್ನಿನ ಸದ್ದಿಗೂ ಇವು ಹಾಗೆಯೇ ಓಗೊಡುವುದುಂಟು.

ಹೆಣ ತಿನ್ನುವ ಪ್ರಾಣಿ ಎಂಬ ಹೆಸರು ಇದಕ್ಕೆ ಅಂಟಿಕೊಂಡಿದೆಯಾದರೂ ಸತ್ತ ಪ್ರಾಣಿಯ ಮಾಂಸ ಇದರ ಆಹಾರದ ಒಂದು ಭಾಗ ಮಾತ್ರ. ಕಾನ್ಹಾ ಕಾಡಿನಲ್ಲಿ ನಡೆದ ಅಧ್ಯಯನದಲ್ಲಿ ಇದರ ಆಹಾರದ ಸುಮಾರು ಶೇ. 80 ಭಾಗ ಇಲಿ ಹೆಗ್ಗಣಗಳು, ಹಾವು ಹಲ್ಲಿಗಳ ಜಾತಿಯವು ಮತ್ತು ಹಣ್ಣುಗಳೆಂದು ಕಂಡುಬಂದಿದೆ. ಭರತಪುರದಲ್ಲಿ ಇಲಿ, ಹಕ್ಕಿ ಮತ್ತು ಹಣ್ಣುಗಳೇ ಶೇ. 60ಕ್ಕಿಂತ ಹೆಚ್ಚು. ಬೈಲಿನಲ್ಲಿ ಭತ್ತ ಬೆಳೆಯುವವರು ಇದನ್ನು ಓದಿದರೆ ಪಟಾಕಿ ಹಚ್ಚುವ ಮೊದಲು ಒಮ್ಮೆ ಯೋಚಿಸುವರೆಂಬುದು ನನ್ನ ಆಸೆ. ಕೋಳಿ ಸಾಕುವವರಿಗೆ ಇದರಿಂದ ತೊಂದರೆಯಾಗುವುದು ನಿಜ. ಅದಕ್ಕೆ ಗಟ್ಟಿಯಾದ ಕೋಳಿಗೂಡೇ ಪರಿಹಾರ. ಹಗಲಿನಲ್ಲಿಯೇ ಮನುಷ್ಯರ ಭಯವಿಲ್ಲದೆ ತೂರಾಡುತ್ತ ಹತ್ತಿರ ಬರುವ ನರಿಯಿಂದ ಮಾತ್ರ ದೂರವಿದ್ದು ಅರಣ್ಯ ಇಲಾಖೆಗೆ ತಿಳಿಸಬೇಕು, ಏಕೆಂದರೆ ಅದಕ್ಕೆ ರೇಬಿಸ್ ಇರಬಹುದು. ಕಚ್ಚಿದರೆ ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ ಕಾಲು ಗಂಟೆ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು.

ಇನ್ನು ನಿಮ್ಮ ಮಗಳ ಪ್ರಶ್ನೆ. ಈಜಿಪ್ಟಿನ ನರಿಯನ್ನೂ ನಮ್ಮ ಗುಳ್ಳೆನರಿಯನ್ನೂ ವಿಜ್ಞಾನಿಗಳು ಬಹುಕಾಲ ಒಂದೇ ಜಾತಿಯೆಂದು ಎಣಿಸಿದ್ದರು. 2015ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನವು ಆಫ್ರಿಕಾದ ಪ್ರಾಣಿ ಬೇರೆಯೇ ಜಾತಿಯದೆಂದೂ, ಅದು ಗುಳ್ಳೆನರಿಗಿಂತ ಬೂದು ತೋಳಕ್ಕೆ ಹತ್ತಿರದ್ದೆಂದೂ, ಎರಡೂ ಕವಲೊಡೆದು ಹತ್ತು ಲಕ್ಷ ವರ್ಷಗಳಿಗಿಂತ ಹೆಚ್ಚಾಗಿದೆಯೆಂದೂ ತೋರಿಸಿತು. ಈಗ ಅದನ್ನು ಆಫ್ರಿಕಾದ ತೋಳ ಎನ್ನುತ್ತಾರೆ. ಹೊರನೋಟಕ್ಕೆ ಎರಡೂ ಒಂದನ್ನೊಂದು ಬಹಳ ಹೋಲುತ್ತವೆ, ಬದುಕುವ ರೀತಿಯೂ ಅಷ್ಟೇ. ಆದುದರಿಂದ ‘ಇದೇ ಪ್ರಾಣಿಯಲ್ಲ, ಆದರೆ ಇದರ ಹಾಗೆಯೇ ಇರುವ ಇನ್ನೊಂದು’ ಎಂದು ಮಗಳಿಗೆ ಹೇಳಬಹುದು.

ಮಂಗಳೂರಿನ ಶಿಲ್ಪಾಸಕ್ತೆ:

ಮೇಲಿನವರು ಹೇಳಿದ ಆಹಾರದ ವಿಷಯವೇ ಪುರಾಣದ ಬಾಗಿಲನ್ನೂ ತೆರೆಯುತ್ತದೆ ಎಂಬುದು ನನ್ನ ಅಭಿಪ್ರಾಯ.

ಈಜಿಪ್ಟಿನಲ್ಲಿ ನೈಲ್ ನದಿಯ ಬದಿಯ ಫಲವತ್ತಾದ ನೆಲ ಬೇಸಾಯಕ್ಕೆ ಮೀಸಲಾಗಿದ್ದು, ಸತ್ತವರನ್ನು ಮರುಭೂಮಿಯ ಅಂಚಿನಲ್ಲಿ ಹೂಳುತ್ತಿದ್ದರು. ಆರಂಭದ ಕಾಲದಲ್ಲಿ ಆ ಗುಂಡಿಗಳು ಆಳವಾಗಿರಲಿಲ್ಲ. ಅದೇ ಅಂಚಿನಲ್ಲಿ ಸಂಜೆಯಾದೊಡನೆ ಓಡಾಡುತ್ತಿದ್ದ, ಗುಂಡಿಗಳನ್ನು ಕೆದಕುತ್ತಿದ್ದ ಈ ಪ್ರಾಣಿಯನ್ನು ಅವರು ಓಡಿಸಬೇಕಾದ ಶತ್ರುವೆಂದು ಬಿಟ್ಟುಬಿಡದೆ ಅದಕ್ಕೇ ಸ್ಮಶಾನದ ಒಡೆತನವನ್ನು ವಹಿಸಿದರು ಎಂದು ಅನೇಕ ವಿದ್ವಾಂಸರು ವಿವರಿಸುತ್ತಾರೆ. ಹೆಣವನ್ನು ಕೆಡಿಸಬಲ್ಲವನೇ ಹೆಣವನ್ನು ಕೆಡದಂತೆ ಕಾಯುವ ಅನೂಬಿಸ್ ಆದನು. ಶವಕ್ಕೆ ಲೇಪನ ಮಾಡಿ ಬಟ್ಟೆ ಸುತ್ತುವ ಕರ್ಮಕ್ಕೆ ಅವನೇ ಅಧಿದೇವತೆ. ಸತ್ತವನ ಹೃದಯವನ್ನು ಸತ್ಯದ ಗರಿಯ ಎದುರಿಗಿಟ್ಟು ತೂಗುವಾಗ ತಕ್ಕಡಿಯ ಮುಳ್ಳನ್ನು ಸರಿನೋಡುವವನೂ ಅವನೇ. ಬ್ರಿಟಿಷ್ ಮ್ಯೂಸಿಯಂನಲ್ಲಿರುವ, ಕ್ರಿ. ಪೂ. 13ನೆಯ ಶತಮಾನದ ಆನಿ ಎಂಬವನ ಪಪೈರಸ್ಸಿನಲ್ಲಿ (ಜೊಂಡಿನ ಹಾಳೆಯ ಸುರುಳಿಯಲ್ಲಿ) ಈ ದೃಶ್ಯ ಅತ್ಯಂತ ಸೊಗಸಾಗಿದೆ. ಮಗಳಿಗೆ ಅದನ್ನು ತಪ್ಪದೆ ತೋರಿಸಿ.

ಗಮನಿಸಬೇಕಾದದ್ದು ಅವನ ಬಣ್ಣ. ಕಾಡಿನ ಪ್ರಾಣಿ ಕಂದು ಬೂದು ಮಿಶ್ರಿತ ಹೊಂಬಣ್ಣದ್ದು, ಅನೂಬಿಸ್ ಮಾತ್ರ ಅಪ್ಪಟ ಕಪ್ಪು. ನೈಲ್ ನದಿಯ ಮೆಕ್ಕಲುಮಣ್ಣಿನ ಕಪ್ಪು ಅವರಿಗೆ ಮರುಹುಟ್ಟಿನ ಬಣ್ಣ. ಲೇಪನಗೊಂಡ ಶವವೂ ಕಪ್ಪಾಗುತ್ತಿತ್ತು. 1922ರಲ್ಲಿ ಹೊವಾರ್ಡ್ ಕಾರ್ಟರ್ ಬೆಳಕಿಗೆ ತಂದ ಈಜಿಪ್ಟಿನ ಅರಸ ತುತಾಂಖಾಮನ್‌ನ ಸಮಾಧಿಯಲ್ಲಿ, ಒಳಕೋಣೆಯೊಂದರ ಬಾಗಿಲಲ್ಲಿ, ಚಿನ್ನದ ತಗಡು ಹೊದಿಸಿದ ಪೆಟ್ಟಿಗೆಯ ಮೇಲೆ ಕಿವಿ ನಿಮಿರಿಸಿ ಮಲಗಿದ್ದ ಕಪ್ಪು ಅನೂಬಿಸನ ಮರದ ಪ್ರತಿಮೆ ದೊರೆಯಿತು. ಕಾವಲಿನ ಎಚ್ಚರವನ್ನು ಅಷ್ಟು ಕಡಿಮೆ ರೇಖೆಗಳಲ್ಲಿ ಹಿಡಿದಿಟ್ಟ ಇನ್ನೊಂದು ಪ್ರಾಣಿಶಿಲ್ಪವನ್ನು ನಾನು ಕಂಡಿಲ್ಲ. ಅನೂಬಿಸನಲ್ಲದೆ, ದಾರಿ ತೆರೆಯುವವನೆಂದು ಹೆಸರಾದ ವೆಪ್‌ವಾವೆಟ್ ಎಂಬ ದೇವರೂ, ಸತ್ತವರ ದೇಹದಿಂದ ತೆಗೆದ ಜಠರವನ್ನಿಟ್ಟ ಜಾಡಿಯನ್ನು ಕಾಯುವ ದುವಾಮುತೆಫನೂ ಇದೇ ಮುಖದವರು. ಈ ಭಕ್ತಿಯ ಇನ್ನೊಂದು ಮಗ್ಗುಲು ಮನಸ್ಸನ್ನು ಕಲಕುವಂಥದು: ಸಕ್ಕಾರಾದಲ್ಲಿರುವ ಅನೂಬಿಸನ ನೆಲಮಾಳಿಗೆಗಳಲ್ಲಿ ಹರಕೆಗಾಗಿ ಒಪ್ಪಿಸಿದ ಸುಮಾರು 80 ಲಕ್ಷ ಪ್ರಾಣಿಗಳ ಮಮ್ಮಿಗಳಿದ್ದವೆಂದು ಅಂದಾಜಿಸಲಾಗಿದ್ದು, ಅವುಗಳಲ್ಲಿ ಬಹುಪಾಲು ನಾಯಿಗಳು, ಅದರಲ್ಲಿಯೂ ಎಳೆಯ ಮರಿಗಳು.

ನಮ್ಮಲ್ಲಿಯೂ ನರಿ ಸ್ಮಶಾನದ ಪ್ರಾಣಿಯೇ, ಮತ್ತು ನಮ್ಮಲ್ಲಿಯೂ ಸ್ಮಶಾನಕ್ಕೆ ದೇವತೆಗಳಿದ್ದಾರೆ. ಎಲುಬು ಹಂದರದ, ಗುಳಿಬಿದ್ದ ಹೊಟ್ಟೆಯ ಚಾಮುಂಡೆಯ ಶಿಲ್ಪಗಳಲ್ಲಿ, ಮುಖ್ಯವಾಗಿ ಪೂರ್ವ ಭಾರತದವುಗಳಲ್ಲಿ, ಅವಳ ಪೀಠದ ಬಳಿ ಶವವನ್ನು ಕಚ್ಚಿ ಎಳೆಯುವ ನರಿಯನ್ನು ಕಡೆದಿರುತ್ತಾರೆ. ಇದಕ್ಕಿಂತಲೂ ನಮಗೆ ಹತ್ತಿರದ ಉದಾಹರಣೆ ದೇವೀಮಾಹಾತ್ಮ್ಯೆಯದು. ಅದರ ಎಂಟನೆಯ ಅಧ್ಯಾಯದಲ್ಲಿ ದೇವಿಯ ಶರೀರದಿಂದ ಹೊರಬರುವ ಅತ್ಯುಗ್ರ ಶಕ್ತಿಯನ್ನು ‘ಶಿವಾಶತನಿನಾದಿನೀ’, ಎಂದರೆ ನೂರು ಹೆಣ್ಣುನರಿಗಳಂತೆ ಊಳಿಡುವವಳು ಎಂದು ವರ್ಣಿಸಲಾಗಿದೆ. ಶಿವನನ್ನೇ ದೂತನನ್ನಾಗಿ ಶುಂಭ ನಿಶುಂಭರ ಬಳಿಗೆ ಕಳುಹಿಸಿ ಶಿವದೂತಿ ಎನಿಸಿಕೊಂಡವಳು ಅವಳೇ. ಕಟೀಲಿನಲ್ಲಿಯೂ ಕೊಲ್ಲೂರಿನಲ್ಲಿಯೂ ಸಪ್ತಶತಿಯ, ಎಂದರೆ ಇದೇ ದೇವೀಮಾಹಾತ್ಮ್ಯೆಯ, ಪಾರಾಯಣ ಕೇಳುವ, ದೇವಿ ಮಹಾತ್ಮೆಯ ಯಕ್ಷಗಾನದ ಆಟವನ್ನು ರಾತ್ರಿಯಿಡೀ ಕುಳಿತು ನೋಡುವ ನಮ್ಮೂರಿನವರಿಗೆ ನರಿಯ ಊಳು ದೇವಿಯ ದನಿಯೂ ಹೌದೆಂದು ಹೇಳಿದರೆ ನಿಮ್ಮ ನೆರೆಯವರ ಕೈ ಪಟಾಕಿಯ ಕಡೆಗೆ ಅಷ್ಟು ಬೇಗ ಹೋಗಲಾರದು.

ಸ್ಮಶಾನದಿಂದಾಚೆಗೆ ನರಿಗೆ ಆಸ್ಥಾನದಲ್ಲಿಯೂ ಸ್ಥಾನವಿದೆ. ಪಂಚತಂತ್ರದ ಕರಟಕ ದಮನಕರು ಸಿಂಹದ ಮಂತ್ರಿಯ ಮಕ್ಕಳಾದ ನರಿಗಳು. ದುರ್ಗಸಿಂಹನು 11ನೆಯ ಶತಮಾನದಲ್ಲಿ, ಚಾಲುಕ್ಯ ಜಗದೇಕಮಲ್ಲನ ಕಾಲದಲ್ಲಿ, ಆ ಕಥೆಗಳನ್ನು ಕನ್ನಡಕ್ಕೆ ತಂದನು. ಅವೇ ಕಥೆಗಳು ಪಹ್ಲವಿ ಭಾಷೆಯ ಮೂಲಕ 8ನೆಯ ಶತಮಾನದಲ್ಲಿ ಅರಬ್ಬಿಗೆ ಹೋಗಿ, ಆ ಎರಡು ನರಿಗಳ ಹೆಸರನ್ನೇ ಗ್ರಂಥದ ಹೆಸರಾಗಿ ಪಡೆದವು. ಅರಬ್ಬಿಯ ಸಚಿತ್ರ ಹಸ್ತಪ್ರತಿಗಳಲ್ಲಿ ಪಿಸುಗುಟ್ಟುತ್ತಿರುವ ನರಿಜೋಡಿಯ ಚಿತ್ರಗಳು ಬಹಳ ಸುಂದರವಾಗಿವೆ. ಶಿವಮೊಗ್ಗದ ಕಡೆಗೆ ಹೋಗುವುದಾದರೆ ಬಳ್ಳಿಗಾವಿಯ ತ್ರಿಪುರಾಂತಕ ದೇವಾಲಯದಲ್ಲಿ ಪಂಚತಂತ್ರದ ಕಥೆಗಳ ಉಬ್ಬುಶಿಲ್ಪಗಳನ್ನು ಕಣ್ಣಾರೆ ನೋಡಬಹುದು.

ಕಾರ್ಕಳದ ಕಾಡುದಾರಿ:

ಮೇಡಂ ಅವರ ಮಾತಿಗೆ ಒಂದು ಸೇರಿಕೆ. ಸಿಂಹದ ಹಿಂದೆ ನರಿಯಿರುವ ಕಥೆ ಬರಿಯ ಕಲ್ಪನೆಯಿಂದ ಹುಟ್ಟಿದ್ದಲ್ಲ. ತನ್ನ ಗುಂಪಿನಿಂದ ಬೇರ್ಪಟ್ಟ ಒಂಟಿ ಗುಳ್ಳೆನರಿ ಹುಲಿಯೊಂದರ ಹಿಂದೆ ತಕ್ಕ ಅಂತರದಲ್ಲಿ ನಡೆಯುತ್ತ, ಅದು ಬಿಟ್ಟ ಮಾಂಸದಿಂದ ಹೊಟ್ಟೆ ಹೊರೆಯುವುದನ್ನು ಭಾರತದ ಕಾಡುಗಳಲ್ಲಿ ಹಿಂದಿನಿಂದಲೂ ದಾಖಲಿಸಲಾಗಿದೆ. ಕಥೆ ಕಟ್ಟಿದವರು ಕಾಡನ್ನು ಚೆನ್ನಾಗಿ ನೋಡಿದ್ದರು.

ಬಂಟ್ವಾಳದ ಹಿತೈಷಿ:

ವಿಷಯ ನರಿಯದಾದ್ದರಿಂದ ಒಂದು ಎಚ್ಚರಿಕೆ. ಅದೃಷ್ಟ ತರುತ್ತದೆಂದು ಹೇಳಿ ‘ನರಿಕೊಂಬು’ ಮಾರುವವರು ಜಾತ್ರೆಗಳಲ್ಲಿಯೂ ಈಗ ಮೊಬೈಲಿನಲ್ಲಿಯೂ ಕಾಣಿಸಿಕೊಳ್ಳುತ್ತಾರೆ. ನರಿಗೆ ಕೊಂಬು ಎಂಬುದೇ ಇಲ್ಲ. ಚರ್ಮದ ಚೂರು ಮತ್ತು ಕೂದಲುಗಳಿಂದ ಮಾಡಿದ ವಸ್ತುವನ್ನೇ ಹಾಗೆಂದು ಮಾರುತ್ತಾರೆ, ಮತ್ತು ಈ ನಂಬಿಕೆಯ ಹೆಸರಿನಲ್ಲಿ ನಿಜವಾದ ನರಿಗಳೂ ಸಾಯುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ನರಿ ರಕ್ಷಿತ ಪ್ರಾಣಿ. ಅದನ್ನು ಕೊಲ್ಲುವುದೂ ಅದರ ಅಂಗಾಂಗಗಳನ್ನು ಮಾರುವುದೂ ಅಪರಾಧ. ದಯವಿಟ್ಟು ಯಾರೂ ಕೊಳ್ಳಬೇಡಿ.

ಪರ್ಕಳದ ಓದುಗ:

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಪಪೈರಸ್ಸಿನ ಚಿತ್ರವನ್ನು ಮಗಳಿಗೆ ತೋರಿಸುತ್ತೇನೆ. ಒಂದು ಸಂದೇಹ ಮಾತ್ರ ಉಳಿಯಿತು. ನಮ್ಮ ತಂದೆಯವರು ಮಹಾಭಾರತದ ಮಾತು ಎತ್ತಿ, ‘ವ್ಯಾಸರೇ ನರಿಯ ಕೂಗನ್ನು ಕೇಡೆಂದು ಹೇಳಿದ ಮೇಲೆ ನಿಮ್ಮದೇನು?’ ಎನ್ನುತ್ತಾರೆ. ಅದಕ್ಕೆ ಏನೆಂದು ಉತ್ತರಿಸಲಿ?

ಮಂಗಳೂರಿನ ಶಿಲ್ಪಾಸಕ್ತೆ:

ಹಿರಿಯರ ಮಾತು ಸರಿಯಾಗಿಯೇ ಇದೆ, ಆದರೆ ಅದು ಭಾರತದ ಪೂರ್ತಿ ಮಾತಲ್ಲ. ದುರ್ಯೋಧನ ಹುಟ್ಟಿದಾಗ ನರಿಗಳು ಕೂಗಿದವು. ದ್ರೌಪದಿಗೆ ಸಭೆಯಲ್ಲಿ ಅವಮಾನವಾದಾಗ ಧೃತರಾಷ್ಟ್ರನ ಅಗ್ನಿಹೋತ್ರದ ಮನೆಯಲ್ಲಿಯೇ ನರಿ ಊಳಿಟ್ಟಿತು. ಅದನ್ನು ಕೇಳಿ ಬೆದರಿದ ಮೇಲೆಯೇ ಆ ಮುದುಕ ಅವಳಿಗೆ ವರ ಕೊಡಲು ಮುಂದಾದದ್ದು. ತುಂಬಿದ ಸಭೆಯಲ್ಲಿ ಭೀಷ್ಮ ದ್ರೋಣರೇ ಸುಮ್ಮನಿದ್ದಾಗ ಅಧರ್ಮವನ್ನು ಅಧರ್ಮವೆಂದು ಸಾರಿದ ದನಿಗಳಲ್ಲಿ ನರಿಯದೂ ಒಂದು. ಅದನ್ನು ಕೇಡು ಎನ್ನುವುದಕ್ಕಿಂತ ಸಾಕ್ಷಿ ಎನ್ನುವುದು ಹೆಚ್ಚು ನ್ಯಾಯವೆಂದು ನನಗೆ ತೋರುತ್ತದೆ.

ಅಷ್ಟಕ್ಕೇ ನಿಲ್ಲದೆ ಶಾಂತಿಪರ್ವವನ್ನೂ ನೋಡಿ. ಭೀಷ್ಮ ಅಲ್ಲಿ ಹದ್ದು ಮತ್ತು ನರಿಯ ಸಂವಾದವನ್ನು ಹೇಳುತ್ತಾನೆ. ಸತ್ತ ಮಗುವನ್ನು ಸ್ಮಶಾನಕ್ಕೆ ತಂದ ಬಂಧುಗಳಿಗೆ, ಹೊತ್ತು ಮುಳುಗುವ ಮೊದಲೇ ಮನೆಗೆ ಹೋಗಿರೆಂದು ಹದ್ದು ವೈರಾಗ್ಯವನ್ನು ಬೋಧಿಸುತ್ತದೆ, ಏಕೆಂದರೆ ಹಗಲಿದ್ದರೆ ಹೆಣ ತನ್ನದು. ಇಷ್ಟು ಬೇಗ ಮಗುವನ್ನು ಬಿಟ್ಟು ಹೋಗುವಿರಾ, ಪ್ರೀತಿಯೆಲ್ಲ ಎಲ್ಲಿ ಹೋಯಿತು ಎಂದು ನರಿ ತಡೆಯುತ್ತದೆ, ಏಕೆಂದರೆ ಕತ್ತಲಾದರೆ ಹೆಣ ತನ್ನದು. ಎರಡಕ್ಕೂ ಹಸಿವು, ಎರಡೂ ಶಾಸ್ತ್ರ ಬಲ್ಲವು. ಬಂಧುಗಳು ಹೋಗಲಾರದೆ ಇರಲಾರದೆ ಅಲ್ಲಿಯೇ ಅಳುತ್ತ ಉಳಿದುಬಿಡುತ್ತಾರೆ. ಆಗ ಶಿವ ಪ್ರತ್ಯಕ್ಷನಾಗಿ ಮಗುವಿಗೆ ಪ್ರಾಣ ಕೊಟ್ಟು, ಹದ್ದಿನ ಮತ್ತು ನರಿಯ ಹಸಿವನ್ನೂ ನೀಗಿಸುತ್ತಾನೆ. ನರಿಯ ಸ್ವಾರ್ಥವನ್ನು ವ್ಯಾಸರು ಮುಚ್ಚಿಡಲಿಲ್ಲ, ಅದಕ್ಕಾಗಿ ನರಿಯನ್ನು ಶಿಕ್ಷಿಸಲೂ ಇಲ್ಲ. ಅದೇ ಪರ್ವದಲ್ಲಿ, ಮಾಂಸವನ್ನು ತೊರೆದು ಸ್ಮಶಾನದಲ್ಲಿಯೇ ಶುಚಿಯಾಗಿ ಬಾಳಿದ, ಹುಲಿಯ ಮಂತ್ರಿಯಾಗಿ ಚಾಡಿಮಾತಿಗೆ ಗುರಿಯಾಗಿ, ಕೊನೆಗೆ ಪದವಿಯನ್ನೇ ಬಿಟ್ಟು ಪ್ರಾಯೋಪವೇಶ (ಸಾಯುವವರೆಗೆ ಉಪವಾಸ) ಮಾಡಿದ ನರಿಯ ಕಥೆಯೂ ಇದೆ. ತಂದೆಯವರು ಭಾರತ ಓದುವವರಾದ್ದರಿಂದ ಈ ಎರಡು ಪ್ರಸಂಗಗಳನ್ನು ಅವರ ಮುಂದಿಟ್ಟು ಅವರ ಅಭಿಪ್ರಾಯವನ್ನು ಇಲ್ಲಿ ಬರೆಯಿರಿ.