ರಸ್ತೆ ಕೆಲಸದಲ್ಲಿ ವೀರಗಲ್ಲು ಸಿಕ್ಕಿತು, ಜೆಸಿಬಿ ನಿಲ್ಲಿಸಿದೆ. ತಪ್ಪು ಮಾಡಿದೆನಾ?

ಜೆಸಿಬಿ ಶಿಕಾರಿಪುರ:

ಎಲ್ಲರಿಗೂ ನಮಸ್ಕಾರ. ನಾನು ಶಿಕಾರಿಪುರ ತಾಲ್ಲೂಕಿನವನು. ಸ್ವಂತ ಜೆಸಿಬಿ ಇದೆ. ಇದು ಎರಡನೇ ಗಾಡಿ, ಕಂತು ಇನ್ನೂ ತೀರಿಲ್ಲ.

ಹೋದ ಮಂಗಳವಾರ ಒಂದು ಹಳ್ಳಿ ರಸ್ತೆ ಅಗಲ ಮಾಡುವ ಕೆಲಸ ಇತ್ತು. ಕೆರೆ ಏರಿ ಮುಗಿದು ತಿರುವು ಬರುವಲ್ಲಿ ಚರಂಡಿ ತೆಗೆಯುತ್ತಿದ್ದೆ. ನಮ್ಮ ಕಡೆ ಮಣ್ಣಿನಡಿ ಜಂಬಿಟ್ಟಿಗೆ ಜಾಸ್ತಿ. ಬಕೆಟ್ಟಿನ ಹಲ್ಲು ಅದಕ್ಕೆ ತಾಗಿದರೆ ಪುಡಿಯಾಗುವ ಸದ್ದು ಬರುತ್ತದೆ, ಸೀಟಿನಲ್ಲಿ ಕೂತಲ್ಲೇ ಗೊತ್ತಾಗುತ್ತದೆ. ಅವತ್ತು ಹಾಗಾಗಲಿಲ್ಲ. ಠಣ್ ಅಂತು. ಲಿವರ್ ಹಿಡಿದ ಕೈ ಅದುರಿತು. ಇಳಿದು ಕೈಯಲ್ಲೇ ಮಣ್ಣು ಕೆರೆದೆ. ಮೊದಲು ಕಂಡಿದ್ದು ಒಂದು ಹಸುವಿನ ಬಾಲ. ಆಮೇಲೆ ಹಸು, ಬಿಲ್ಲು ಹಿಡಿದ ಮನುಷ್ಯ, ಅವನ ತಲೆ ಮೇಲೆ ಪಟ್ಟಿಯಲ್ಲಿ ಅಕ್ಷರ. ಆ ಪಟ್ಟಿಗೆ ಅಡ್ಡವಾಗಿ ನನ್ನ ಬಕೆಟ್ಟಿನ ಬಿಳಿ ಗೀರು, ಒಂದು ಗೇಣು ಉದ್ದ. ಹೊಟ್ಟೆಯೊಳಗೆ ಒಂಥರಾ ಆಯಿತು.

ಗಾಡಿ ಆಫ್ ಮಾಡಿದೆ. ರಗಳೆ ಶುರುವಾಗಿದ್ದೇ ಅಲ್ಲಿಂದ. ಕಂಟ್ರಾಕ್ಟರ್ ಫೋನಿನಲ್ಲೇ ಬೈದರು. "ಎತ್ತಿ ಪಕ್ಕಕ್ಕೆ ಹಾಕು ಮಾರಾಯ, ಗಂಟೆಗೆ ಸಾವಿರದ ಮೇಲೆ ಬಾಡಿಗೆ ಕೊಡುವುದು ನೀನು ಕಲ್ಲು ನೋಡುತ್ತಾ ಕೂರಲಿಕ್ಕಾ?" ಊರಿನಲ್ಲಿ ಎರಡು ಪಾರ್ಟಿ ಆಯಿತು. ಒಂದು ಪಾರ್ಟಿ, ದೇವಸ್ಥಾನದ ಎದುರು ನಿಲ್ಲಿಸಿ ಎಣ್ಣೆ ಹಚ್ಚೋಣ ಎಂದಿತು. ಇನ್ನೊಂದು ಪಾರ್ಟಿ ಬಾಯಿ ಬಿಡಲಿಲ್ಲ, ಸುಮ್ನೆ ಕಲ್ಲಿನ ಬುಡ ನೋಡುತ್ತಾ ನಿಂತಿತು. ನಿಧಿ ಆಸೆ, ಅಲ್ವಾ. ರಾತ್ರಿ ನಾನು ಗಾಡಿಯಲ್ಲೇ ಮಲಗಿದೆ.

ಎರಡು ದಿನದ ದುಡಿಮೆ ಹೋಯಿತು. ಹೆಂಡತಿ ಕೇಳುತ್ತಾಳೆ, ಇಂಥ ಕಲ್ಲು ನಮ್ಮ ತಾಲ್ಲೂಕಿನಲ್ಲಿ ಊರೂರಿಗೂ ಬಿದ್ದಿದೆ, ಇನ್ನೊಂದು ಸಿಕ್ಕರೆ ಯಾರಿಗೇನು ಬಂತು ಅಂತ. ನನಗೆ ಉತ್ತರ ಹೊಳೆಯಲಿಲ್ಲ. ರಸ್ತೆ ಆಗಬೇಕು, ಅದು ನನ್ನ ಹೊಟ್ಟೆಪಾಡು. ಕಲ್ಲಿನಿಂದ ಜನಕ್ಕೆ ನಿಜವಾಗಿ ಏನಾದರೂ ಉಪಯೋಗ ಇದೆಯಾ?

ನಿವೃತ್ತ ಮೇಷ್ಟ್ರು:

ತಮ್ಮಾ, ನಿಲ್ಲಿಸಿದ್ದು ಒಳ್ಳೆಯದೇ ಆಯಿತು. ಮೊದಲು ಕೆಲಸದ ಮಾತು. ಕಲ್ಲು ಇನ್ನೂ ಎತ್ತಿಲ್ಲ ಅಲ್ವಾ? ಎತ್ತಬೇಡಿ. ಫೋನಿನಲ್ಲಿ ಲೊಕೇಶನ್ ಆನ್ ಮಾಡಿ, ದೂರದಿಂದ ನಾಲ್ಕು, ಹತ್ತಿರದಿಂದ ನಾಲ್ಕು ಫೋಟೊ ತೆಗೆಯಿರಿ. ಅಳತೆಗೆ ಪಕ್ಕದಲ್ಲಿ ಟೇಪ್ ಇರಲಿ. ಮುಖ ಯಾವ ದಿಕ್ಕಿಗಿದೆ, ಎಷ್ಟು ಅಡಿ ಆಳದಲ್ಲಿತ್ತು, ಏರಿಯಿಂದ ಎಷ್ಟು ಹೆಜ್ಜೆ, ಎಲ್ಲ ಬರೆದಿಡಿ. ಅಕ್ಷರ ಕಾಣಬೇಕೆಂದು ಸೀಮೆಸುಣ್ಣ, ಅರಿಶಿನ ಏನೂ ಉಜ್ಜಬೇಡಿ. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಮಗ್ಗುಲಿನಿಂದ ಓರೆಯಾಗಿ ಬಿಡಿ. ಹಗಲು ಕಾಣದ ಅಕ್ಷರ ನೆರಳಿನಲ್ಲಿ ಎದ್ದು ಕಾಣುತ್ತದೆ. ತಹಸೀಲ್ದಾರರಿಗೆ ಒಂದು ಅರ್ಜಿ ಕೊಡಿ. ಶಿವಮೊಗ್ಗದ ಶಿವಪ್ಪನಾಯಕ ಅರಮನೆಯಲ್ಲಿರುವ ಸರ್ಕಾರಿ ಮ್ಯೂಸಿಯಂನವರಿಗೂ ತಿಳಿಸಿ. ಬುಡ ನೋಡುತ್ತಿದ್ದ ಪಾರ್ಟಿಗೆ ಹೇಳಿ, ಅದು ಸತ್ತವನ ನೆನಪಿಗೆ ನೆಟ್ಟ ಕಲ್ಲು, ನಿಧಿಯ ಗುರುತಲ್ಲ.

ಈಗ ಮನೆಯವರ ಪ್ರಶ್ನೆ. ಮೈಸೂರಿನ ಪುರಾತತ್ವ ಇಲಾಖೆಯಲ್ಲಿದ್ದ ಬಿ.ಎಲ್. ರೈಸ್ ನಮ್ಮ ಜಿಲ್ಲೆಯ ಶಾಸನಗಳನ್ನು 1902 ಮತ್ತು 1904ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದ ಏಳು, ಎಂಟನೇ ಸಂಪುಟವಾಗಿ ಅಚ್ಚು ಹಾಕಿಸಿದರು. ತಾಳಗುಂದದ ಶಾಸನದ ಕಂಬಕ್ಕೆ ಅದರಲ್ಲಿ ಶಿಕಾರಿಪುರ 176 ಅಂತ ನಂಬರು. ಮಣ್ಣಿನಡಿ ಇದ್ದದ್ದು ಆ ಪಟ್ಟಿಗೆ ಹೇಗೆ ಬರಬೇಕು? ಅದೇ ತಾಳಗುಂದದಲ್ಲಿ 2013ರಲ್ಲಿ ಅಗೆದಾಗ ಸಿಂಹದ ಕಟಾಂಜನದ (ಮೆಟ್ಟಿಲ ಪಕ್ಕದ ಕಲ್ಲಿನ ತಡೆ) ಮೇಲೆ ಕನ್ನಡ ಅಕ್ಷರ ಸಿಕ್ಕಿತು. ಕ್ರಿ.ಶ. 370ರ ಸುಮಾರಿನದು, ಹಲ್ಮಿಡಿ ಶಾಸನಕ್ಕಿಂತ ಹಳೆಯದು ಎಂದು ಪುರಾತತ್ವ ಇಲಾಖೆ ಹೇಳುತ್ತದೆ. ನಿಮ್ಮ ತಾಲ್ಲೂಕಿನದೇ!

ನಮ್ಮ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿ ನಗರ ಅಂತ ಊರಿದೆಯಲ್ಲ, ಅಲ್ಲಿನ ಬಾವಿಯ ಕಥೆ ಕೇಳಿರುತ್ತೀರಿ. 2018ರಲ್ಲಿ ಹಾಳುಬಾವಿಯ ಕೆಸರು ತೆಗೆದರೆ ಸಿಡಿಮದ್ದಿನ ವಾಸನೆ. ಒಳಗೆ ಟಿಪ್ಪು ಕಾಲದ ಕಬ್ಬಿಣದ ರಾಕೆಟ್, ಸಾವಿರಕ್ಕೂ ಜಾಸ್ತಿ. ತುಕ್ಕು ಹಿಡಿದ ಕೊಳವೆ ಅಂತ ಗುಜರಿಗೆ ಹಾಕಿದ್ದರೆ ಕಿಲೋಗೆ ಎಷ್ಟು ಬರುತ್ತಿತ್ತು? ಅವೂ ಅದೇ ಮ್ಯೂಸಿಯಂ ಸೇರಿದವು. ರಾಕೆಟ್ ಒಂದೇ ಅಲ್ಲ, ಅದು ನಗರದ ಬಾವಿಯಲ್ಲಿ ಸಿಕ್ಕಿತು ಅನ್ನುವುದೂ ಸುದ್ದಿಯೇ. ನಿಮ್ಮ ಕಲ್ಲೂ ಹಾಗೆ. ದನ ಬಿಡಿಸಲು ಹೋಗಿ ಸತ್ತವನ ಕಲ್ಲು ಆ ಏರಿಯ ಪಕ್ಕದಲ್ಲೇ ಇತ್ತು ಅಂದರೆ ಕೆರೆ, ಊರು, ದಾರಿ ಎಲ್ಲಿದ್ದವು ಅನ್ನುವುದಕ್ಕೆ ಒಂದು ಸುಳಿವು. ಎತ್ತಿ ಗುಡಿ ಎದುರು ನಿಲ್ಲಿಸಿದರೆ ಕಲ್ಲು ಉಳಿಯುತ್ತದೆ, ಸುಳಿವು ಹೋಗುತ್ತದೆ.

ಮೋರಿ ಕಂಟ್ರಾಕ್ಟರ್:

ಮೇಷ್ಟ್ರೇ, ನಿಮ್ಮ ಮಾತೆಲ್ಲ ಸರಿ. ದುಡ್ಡು ಯಾರಪ್ಪನ ಮನೆಯಿಂದ ತರುವುದು?

ನನಗೂ ಒಂದು ಸಲ ಮೋರಿ ಕೆಲಸದಲ್ಲಿ ಅಕ್ಷರದ ಕಲ್ಲು ಸಿಕ್ಕಿತ್ತು. ಒಳ್ಳೆಯವನಾಗಲು ಹೋಗಿ ಒಂದು ಕಚೇರಿಗೆ ಬರೆದುಕೊಟ್ಟೆ. ಇವತ್ತು ಬರುತ್ತೇವೆ, ನಾಳೆ ಬರುತ್ತೇವೆ ಅಂತ ಒಂದೂವರೆ ತಿಂಗಳು. ಅಷ್ಟರಲ್ಲಿ ಮಳೆಗಾಲ ಹಿಡಿಯಿತು. ನಮ್ಮ ಕಡೆ ಜೂನ್ ಬಂದ ಮೇಲೆ ಯಾರು ಗುಂಡಿ ತೋಡುತ್ತಾರೆ? ಕೆಲಸ ತಡ ಎಂದು ಬಿಲ್ಲಿನಲ್ಲಿ ದಂಡ ಹಿಡಿದರು. ಕಲ್ಲು ಈಗಲೂ ಅಲ್ಲೇ ಇದೆ, ಅದರ ಮೇಲೆ ಬಟ್ಟೆ ಒಗೆಯುತ್ತಾರೆ. ಮುಂದಿನ ಸಲ ಸಿಕ್ಕರೆ ಕಾಂಕ್ರೀಟ್ ಸುರಿದು ಬಾಯಿ ಮುಚ್ಚಿಕೊಳ್ಳುವುದು ಅಂತ ಅವತ್ತೇ ತೀರ್ಮಾನ ಮಾಡಿದೆ. ಬೇಜಾರು ಮಾಡ್ಕೋಬೇಡಿ.

ಸಾಗರದವನು, ಸದ್ಯ ಲಂಡನ್:

ಮೋರಿಯಣ್ಣ ಹೇಳಿದ್ದರಲ್ಲೇ ವಿಷಯ ಇದೆ. ಇಲ್ಲಿ 1990ರಲ್ಲೇ ನಿಯಮ ಬಂತು. ಅಗೆಯುವ ಮೊದಲೇ ಜಾಗ ನೋಡಬೇಕು, ಖರ್ಚು ಕಟ್ಟುವವನದು. ಟೆಂಡರಿನಲ್ಲೇ ಆ ದುಡ್ಡು, ಆ ದಿನ ಸೇರಿರುತ್ತದೆ. ಕೊನೆಗಳಿಗೆಯಲ್ಲಿ ನಿಮ್ಮಂಥವರ ತಲೆ ಮೇಲೆ ಬರುವುದಿಲ್ಲ.

ನಾನು ದಿನಾ ಓಡಾಡುವ ರೈಲು ಕ್ರಾಸ್‌ರೈಲ್ ಅಂತ ಕಟ್ಟಿದ್ದು. ಆ ಕೆಲಸದಲ್ಲಿ ಸುಮಾರು 40 ಕಡೆ ಅಗೆದು 10,000ಕ್ಕೂ ಹೆಚ್ಚು ವಸ್ತು ತೆಗೆದರು. ಲಿವರ್‌ಪೂಲ್ ಸ್ಟ್ರೀಟ್ ಸ್ಟೇಷನ್ನಿನ ಹತ್ತಿರ ಹಳೇ ಸ್ಮಶಾನ ಸಿಕ್ಕಿತು. ಅಲ್ಲಿನ ಹೆಣಗಳ ಹಲ್ಲಿನಲ್ಲಿ 1665ರ ಪ್ಲೇಗಿನ ರೋಗಾಣುವಿನ ಗುರುತು ಸಿಕ್ಕಿತು. ಪ್ಲೇಗಿಗೆ ಹೆದರಿ ಊರು ಬಿಟ್ಟು ಗುಡಿಸಲು ಹಾಕಿಕೊಂಡವರ ಕಥೆ ನಮ್ಮ ಅಜ್ಜನ ಮನೆಯಲ್ಲೂ ಇದೆ. ಹಾಗಾಗಿ ಅದನ್ನು ಓದಿ ಮೈ ಜುಮ್ ಅಂತು.

ಮುಳುಗಡೆ ಮನೆ ಮಗಳು:

ಸುಮ್ಮನೆ ಓದಿ ಹೋಗೋಣ ಎಂದುಕೊಂಡಿದ್ದೆ, ಆಗಲಿಲ್ಲ. ನಮ್ಮದು ಲಿಂಗನಮಕ್ಕಿ ಮುಳುಗಡೆ ಮನೆ. 1964ರಲ್ಲಿ ಅಣೆಕಟ್ಟು ಮುಗಿಯಿತು. ಅದಕ್ಕೂ ಮೊದಲೇ ಅಜ್ಜಿ, ಅಜ್ಜ, ದನಕರು ಎಲ್ಲ ಲಾರಿ ಹತ್ತಿ ಶಿವಮೊಗ್ಗದ ಕಡೆ ಬಂದರು. ಅಜ್ಜಿಯ ಅಡಿಕೆ ತೋಟದ ತಲೆಯಲ್ಲಿ ಒಂದು ಮಾಸ್ತಿಕಲ್ಲು, ಅಂದರೆ ಗಂಡನ ಜೊತೆ ಸಹಗಮನ ಮಾಡಿದವಳ ನೆನಪಿನ ಕಲ್ಲು, ಇತ್ತಂತೆ. ಬಳೆ ತೊಟ್ಟ ಒಂದು ಕೈ, ಅಷ್ಟೇ. ದೀಪಾವಳಿಗೆ ಅಲ್ಲಿ ಒಂದು ಹಣತೆ ಇಡುತ್ತಿದ್ದರು. "ಹಲಸಿನ ಮರದಿಂದ ಹತ್ತು ಮಾರು" ಅಂತ ಸಾಯುವವರೆಗೂ ಲೆಕ್ಕ ಹೇಳುತ್ತಿದ್ದರು. ಆ ಮರವೇ ನೀರಿನೊಳಗೆ. ಬೇಸಿಗೆಯಲ್ಲಿ ಹಿನ್ನೀರು ಪೂರ್ತಿ ಇಳಿದರೆ ಮಡೆನೂರಿನ ಹಳೇ ಡ್ಯಾಮ್ ಮೇಲೆ ಕಾಣುತ್ತದೆ. ಅಪ್ಪ ಎರಡು ಸಲ ಹೋಗಿ ಹುಡುಕಿ ಬಂದರು. ಬರೀ ಕೆಸರು.

ಅದೇ ಹೊತ್ತಿನಲ್ಲಿ ಆಂಧ್ರದ ನಾಗಾರ್ಜುನಕೊಂಡದಲ್ಲಿ ಕಣಿವೆ ಮುಳುಗುವ ಮೊದಲು, 1954ರಿಂದ 1960ರವರೆಗೆ ಅಗೆದರು. ಕೆಲವು ಕಟ್ಟಡಗಳನ್ನು ಗುಡ್ಡದ ಮೇಲೆ ಮತ್ತೆ ಕಟ್ಟಿದರು. ಈಗ ಅದು ದ್ವೀಪ, ಜನ ಲಾಂಚಿನಲ್ಲಿ ಹೋಗಿ ನೋಡುತ್ತಾರೆ. ನನಗೆ ಅಷ್ಟೆಲ್ಲ ಬೇಡವಾಗಿತ್ತು. ಅಜ್ಜಿಯ ಕಲ್ಲಿನ ಒಂದು ಫೋಟೊ ಇದ್ದಿದ್ದರೆ ಸಾಕಿತ್ತು. ಜೆಸಿಬಿ ಅಣ್ಣಾ, ನಿಮ್ಮ ಎರಡು ದಿನ ದಂಡ ಆಗಿಲ್ಲ.

ಜೆಸಿಬಿ ಶಿಕಾರಿಪುರ:

ಎಲ್ಲರಿಗೂ ಥ್ಯಾಂಕ್ಸ್. ಫೋಟೊ ತೆಗೆದೆ, ಅಳತೆ ಬರೆದೆ, ಅರ್ಜಿಯನ್ನು ಮಗಳ ಕೈಲಿ ಬರೆಸಿದೆ. ಚರಂಡಿಯನ್ನು ಮೂರು ಅಡಿ ಆಚೆ ತಿರುಗಿಸಿದರೆ ಕಲ್ಲು ಮುಟ್ಟುವುದೇ ಬೇಡ ಎಂದು ಸೈಟ್ ಎಂಜಿನಿಯರಿಗೆ ಹೇಳಿದೆ. ಅವರು ಕಂಟ್ರಾಕ್ಟರಿಗೆ ಹೇಳಿದರು. ಮೂರು ಅಡಿಗೆ ಇಷ್ಟೆಲ್ಲ ಗಲಾಟೆ ಆಗಿತ್ತು ನೋಡಿ. ಮೋರಿಯಣ್ಣ, ನಿಮ್ಮ ಸಿಟ್ಟು ನನಗೂ ಅರ್ಥವಾಗುತ್ತದೆ. ಇಲ್ಲಿ ಮೂರು ಅಡಿ ಜಾಗ ಇತ್ತು, ಅದು ನನ್ನ ಪುಣ್ಯ.

ರಾತ್ರಿ ಟಾರ್ಚ್ ಬಿಟ್ಟಾಗ ಊರಿನ ಒಬ್ಬ ಅಜ್ಜಿಯೂ ಬಂದಿದ್ದರು. "ಸ್ವಸ್ತಿ" ಎನ್ನುವುದು ಸ್ಪಷ್ಟ ಕಂಡಿತು, ಮಗಳು ಓದಿದಳು. ಅಜ್ಜಿ ಹೇಳಿದ್ದು, ಅವರ ಅತ್ತೆ ಈ ತಿರುವನ್ನು ಬೀರನ ದಿಬ್ಬ ಎನ್ನುತ್ತಿದ್ದರಂತೆ. ಯಾವ ಬೀರ ಅಂತ ಕೇಳಿದರೆ ಗೊತ್ತಿಲ್ಲ ಎನ್ನುತ್ತಿದ್ದರಂತೆ.

ಮೇಷ್ಟ್ರೇ, ಒಂದೇ ಅನುಮಾನ. ನಾನು ಮಾಡಿದ ಆ ಗೀರನ್ನು ಉಜ್ಜಿ ತೆಗೆಯಬಹುದಾ?

ನಿವೃತ್ತ ಮೇಷ್ಟ್ರು:

ಮುಟ್ಟಬೇಡಿ. ಗೀರು ಯಾವುದರಿಂದ, ಯಾವ ದಿನ ಆಯಿತು ಅನ್ನುವುದನ್ನೂ ಅರ್ಜಿಯಲ್ಲಿ ಸೇರಿಸಿ. ಬೀರನ ದಿಬ್ಬ ಅನ್ನುವುದನ್ನಂತೂ ಮರೆಯಬೇಡಿ. ಆ ಅಜ್ಜಿಯ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿರಾ?